ಇಬ್ಬಗೆಯ ತೀರ್ಪು: ೧೯೭೭ರ ಮಹಾಚುನಾವಣೆಯೂ ಕನ್ನಡನಾಡೂ

ಯುದ್ಧದಲ್ಲಿ ಸೋತವನು ರಣಭೂಮಿಯನ್ನು ಬಿಟ್ಟು ಹೋಗುವನು; ಚುನಾವಣೆಯಲ್ಲಿ ಸೋತವನಾದರೋ ಮರುದಿನವೂ ಗೆದ್ದವನ ನೆರೆಮನೆಯಲ್ಲಿಯೇ ಬಾಳಬೇಕಾಗಿರುವುದು. ಆದಕಾರಣ ಚುನಾವಣೆಯೊಂದರ ಚರಿತ್ರೆಯು ಮತಗಳ ಎಣಿಕೆಯೊಡನೆ ಮುಗಿಯತಕ್ಕದ್ದಲ್ಲ. ಆ ಎಣಿಕೆಯನ್ನು ಕೇಳಿದ ಜನರು ಒಬ್ಬರನ್ನೊಬ್ಬರು ಏನೆಂದು ಬಗೆದರೆಂಬುದೂ ಚರಿತ್ರೆಗೆ ಸೇರಿದ ವಿಷಯವೇ. ಈ ದೃಷ್ಟಿಯಿಂದ ೧೯೭೭ನೆಯ ಇಸವಿಯ ಮಾರ್ಚಿ ತಿಂಗಳ ಮಹಾಚುನಾವಣೆಯು ವಿಶೇಷ ವಿಚಾರಕ್ಕೆ ಅರ್ಹವಾಗಿದೆ. ಅಂದು ಉತ್ತರ ಭಾರತವು ಒಂದು ಬಗೆಯಾಗಿ ನುಡಿದರೆ ಕನ್ನಡನಾಡು ಅದಕ್ಕೆ ವಿರುದ್ಧವಾಗಿ ನುಡಿಯಿತು. ಆ ನುಡಿಗೆ ಅರ್ಥವೇನೆಂಬ ವಿವಾದವು ಇಂದಿಗೂ ಪೂರ್ಣವಾಗಿ ಶಮನವಾಗಿಲ್ಲ.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಸ್ಮರಿಸಬಹುದು. ೧೯೭೫ನೆಯ ಜೂನ್ ೨೫ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತು; ವಿಚಾರಣೆಯಿಲ್ಲದೆ ಸಾವಿರಾರು ಮಂದಿ ಬಂಧನಕ್ಕೊಳಗಾದರು. ಈ ಕಷ್ಟವು ಕನ್ನಡನಾಡನ್ನು ಮುಟ್ಟದೆ ಹೋಯಿತೆಂದು ಹೇಳುವಂತಿಲ್ಲ. ಸಂಸದೀಯ ಸಮಿತಿಯೊಂದರ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ ಮೊದಲಾದವರು ಮರುದಿನವೇ ಸೆರೆಯಾಗಿ ಇಲ್ಲಿಯ ಕೇಂದ್ರ ಕಾರಾಗೃಹವನ್ನು ಸೇರಿದರು. 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು ಅದೇ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ೧೯೭೭ನೆಯ ಜನವರಿಯಲ್ಲಿ ಬಿಡುಗಡೆ ಹೊಂದಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸೆರೆಮನೆಯ ಆವರಣವೇ ಈಗಿನ ಫ್ರೀಡಂ ಪಾರ್ಕು.

ಇಂತಿರಲು ಫಲಿತಾಂಶವು ಹೊರಬಿದ್ದಿತು. ರಾಯಬರೇಲಿಯಲ್ಲಿ ಪ್ರಧಾನಮಂತ್ರಿಗಳಾದ ಇಂದಿರಾ ಗಾಂಧಿಯವರೇ ರಾಜನಾರಾಯಣರ ಎದುರಿನಲ್ಲಿ ೫೫,೦೦೦ಕ್ಕೂ ಮಿಕ್ಕ ಮತಗಳಿಂದ ಪರಾಜಿತರಾದರು. ಉತ್ತರಪ್ರದೇಶದ ೮೫ ಸ್ಥಾನಗಳಲ್ಲಿಯೂ ಬಿಹಾರದ ೫೪ ಸ್ಥಾನಗಳಲ್ಲಿಯೂ ಕಾಂಗ್ರೆಸ್ಸಿಗೆ ಒಂದೂ ಉಳಿಯಲಿಲ್ಲ. ದೆಹಲಿಯ ಪತ್ರಿಕಾಲಯಗಳ ಮುಂದೆ ಇರುಳೆಲ್ಲ ನೆರೆದಿದ್ದ ಜನರಿಗೆ ಅದು ಎರಡನೆಯ ಸ್ವಾತಂತ್ರ್ಯದಂತೆ ತೋರಿತು. ಕರ್ನಾಟಕದ ೨೮ ಸ್ಥಾನಗಳಲ್ಲಿಯಾದರೋ ೨೬ ಕಾಂಗ್ರೆಸ್ಸಿನ ಪಾಲಾದುವು. ಹಾಸನದಲ್ಲಿ ಎಸ್. ನಂಜೇಶಗೌಡರೂ ಬೆಂಗಳೂರು ದಕ್ಷಿಣದಲ್ಲಿ ಕೆ. ಎಸ್. ಹೆಗ್ಡೆಯವರೂ ಮಾತ್ರ ಎದುರು ಪಕ್ಷದಿಂದ ಗೆದ್ದು ಬಂದರು. ಹೆಗ್ಡೆಯವರು ೧೯೭೩ರಲ್ಲಿ ತಮ್ಮನ್ನು ಮೀರಿಸಿ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ಸರ್ವೋಚ್ಚ ನ್ಯಾಯಾಲಯದ ಪದವಿಯನ್ನು ತ್ಯಜಿಸಿ ಬಂದವರು. ಮುಂದೆ ಲೋಕಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದರು.

ಒಂದೇ ನಗರವು ಎರಡು ಬಗೆಯಾಗಿ ನುಡಿದುದು ಇಲ್ಲಿ ಗಮನಾರ್ಹ. ದಕ್ಷಿಣ ಭಾಗವು ಹೆಗ್ಡೆಯವರನ್ನು ಆರಿಸಿದರೆ, ಬೆಂಗಳೂರು ಉತ್ತರವು ಕಾಂಗ್ರೆಸ್ಸಿನ ಸಿ. ಕೆ. ಜಾಫರ್ ಷರೀಫರನ್ನು ಆರಿಸಿತು. ಪೀಣ್ಯವನ್ನು ದಾಟಿ, ಮಾದನಾಯಕನಹಳ್ಳಿಯ ಮೇಲೆ ಹೆದ್ದಾರಿಯನ್ನು ಹಿಡಿದು ಸಾಗಿದರೆ ಸಿಗುವ ತುಮಕೂರೂ ಅದೇ ಪಕ್ಷದ ಕೆ. ಲಕ್ಕಪ್ಪನವರಿಗೆ ಒಲಿಯಿತು. ಇಂದು ಕಾರ್ಖಾನೆಗಳೂ ಉಗ್ರಾಣಗಳೂ ಕಿಕ್ಕಿರಿದಿರುವ ಆ ದಾರಿಯ ಇಕ್ಕೆಲಗಳಲ್ಲಿ ಅಂದು ರಾಗಿಯ ಹೊಲಗಳೇ ಹೆಚ್ಚಾಗಿದ್ದುವು.

ಫಲಿತಾಂಶವನ್ನು ಕೇಳಿದವರಲ್ಲಿ ಎರಡು ಬಗೆಯ ಆಕ್ಷೇಪಗಳು ಹುಟ್ಟಿದುವು. ದಕ್ಷಿಣದವರು ಸ್ವಾತಂತ್ರ್ಯದ ಬೆಲೆಯನ್ನು ಅರಿಯದೆ ದಾಸ್ಯವನ್ನೇ ಒಪ್ಪಿಕೊಂಡರೆಂಬುದು ಒಂದು. ಉತ್ತರದವರು ಕುಟುಂಬಯೋಜನೆಯ ಬಲಾತ್ಕಾರದಿಂದ ಸಿಟ್ಟಿಗೆದ್ದು ವಿವೇಕವನ್ನು ಕಳೆದುಕೊಂಡರೆಂಬುದು ಮತ್ತೊಂದು. ಎರಡಕ್ಕೂ ಮೂಲ ಒಂದೇ: ತನಗೆ ವಿರುದ್ಧವಾಗಿ ಮತವಿತ್ತವನಿಗೆ ಬುದ್ಧಿಯಿಲ್ಲವೆಂಬ ಭಾವನೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಬೇಕು.

ಪಾತ್ರೆಯಲ್ಲಿಯ ಒಂದು ಅಗುಳನ್ನು ಹಿಸುಕಿ ನೋಡಿ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಸ್ಥಾಲೀಪುಲಾಕ ನ್ಯಾಯ. ಅಡಿಗೆಮನೆಯಲ್ಲಿ ಈ ನ್ಯಾಯವು ಸರಿಯೇ, ಚುನಾವಣೆಯಲ್ಲಿ ಸರಿಯಲ್ಲ. ಗೆದ್ದ ಸ್ಥಾನಗಳನ್ನು ಮಾತ್ರ ಎಣಿಸುವವರಿಗೆ ಕರ್ನಾಟಕವು ಏಕಕಂಠವಾಗಿ ನುಡಿದಂತೆ ತೋರುವುದು. ಆದರೆ ಇಲ್ಲಿಯೂ ನೂರಕ್ಕೆ ಹತ್ತಿರ ಹತ್ತಿರ ೪೦ರಷ್ಟು ಮತಗಳು ಜನತಾ ಪಕ್ಷಕ್ಕೆ ಬಿದ್ದಿದ್ದುವು. ಅವು ಕ್ಷೇತ್ರಕ್ಷೇತ್ರಗಳಲ್ಲಿ ಹರಡಿಹೋದುದರಿಂದ ಎರಡೇ ಸ್ಥಾನಗಳು ದೊರೆತುವು. ಅಂತೆಯೇ ಒಂದೂ ಸ್ಥಾನವಿಲ್ಲದ ಉತ್ತರಪ್ರದೇಶದಲ್ಲಿ ಕಾಲುಭಾಗದಷ್ಟು ಮತಗಳು ಕಾಂಗ್ರೆಸ್ಸಿಗೆ ಬಂದಿದ್ದುವು. ಹೀಗಿರುವಲ್ಲಿ 'ಉತ್ತರ', 'ದಕ್ಷಿಣ' ಎಂದು ಇಡಿಯ ಜನಸ್ತೋಮಗಳಿಗೆ ಹೆಸರಿಟ್ಟು ನಿಂದಿಸುವುದು ಅನ್ಯಾಯವೇ ಸರಿ.

ಇನ್ನು ಕಾರಣಗಳ ವಿಚಾರ. ದೇವರಾಜ ಅರಸರ ಸರ್ಕಾರವು ತಂದ ಭೂಸುಧಾರಣೆಯ ತಿದ್ದುಪಡಿ ಶಾಸನವು ೧೯೭೪ನೆಯ ಮಾರ್ಚಿ ೧ರಿಂದ ಜಾರಿಗೆ ಬಂದಿತ್ತು. ಅದರಿಂದ ಗೇಣಿಯ ಪದ್ಧತಿ ರದ್ದಾಗಿ, ಗೇಣಿದಾರರು ತಾವು ಉಳುತ್ತಿದ್ದ ಹೊಲದ ಒಡೆತನಕ್ಕಾಗಿ ಭೂನ್ಯಾಯಮಂಡಲಿಗಳ ಮುಂದೆ ಅರ್ಜಿಯಿಡುವಂತಾಯಿತು. ಇಂತಹ ಅರ್ಜಿಗಳು ಒಟ್ಟಿನಲ್ಲಿ ಎಂಟು ಲಕ್ಷವನ್ನು ಮೀರಿದುವು. ೧೯೭೭ರಲ್ಲಿ ಅವುಗಳಲ್ಲಿ ಬಹುಪಾಲು ಇನ್ನೂ ಇತ್ಯರ್ಥವಾಗಬೇಕಾಗಿದ್ದುವು. ತಲೆಮಾರುಗಳಿಂದ ಒಡೆಯನ ಮನೆಗೆ ಗೇಣಿಯನ್ನು ಹೊತ್ತವನಿಗೆ, ಸರ್ಕಾರ ಬದಲಾದರೆ ತನ್ನ ಅರ್ಜಿಯ ಗತಿಯೇನೆಂಬ ಭೀತಿಯುಂಟಾಗುವುದು ಸಹಜ. ಸೆರೆಮನೆಯ ಗೋಡೆಯನ್ನು ಕಂಡವನು ಒಂದು ಸ್ವಾತಂತ್ರ್ಯವನ್ನು ಬಯಸಿದನು. ಹೊಲದ ಬದುವನ್ನು ಕಂಡವನು ಮತ್ತೊಂದನ್ನು ಬಯಸಿದನು. ಇಬ್ಬರಲ್ಲಿ ಯಾರನ್ನೂ ದಾಸನೆಂದು ಕರೆಯಲಾಗದು. ಆದರೆ ಎರಡನೆಯವನಿಗೆ ದೊರೆತ ಭೂಮಿಯು ಮೊದಲನೆಯವನಿಗಾದ ಅನ್ಯಾಯವನ್ನು ಅಳಿಸಲಾರದೆಂಬುದನ್ನೂ ಒತ್ತಿ ಹೇಳಬೇಕು.

ಹಾಗಾದರೆ ಇದು ಕೇವಲ ಕೃತಜ್ಞತೆಯ ಮತವೇ ಎಂದರೆ, ಅದೂ ಪೂರ್ಣ ಸತ್ಯವಲ್ಲ. ೧೯೭೯ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದರು. ೧೯೮೦ನೆಯ ಜನವರಿಯ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸು ೨೮ರಲ್ಲಿ ೨೭ ಸ್ಥಾನಗಳನ್ನು ಗಳಿಸಿತು. ಭೂಮಿಯನ್ನು ಕೊಡಿಸಿದ ಅರಸರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಹೋಗಲಿ, ಅಂಧಭಕ್ತಿಯೆನ್ನೋಣವೆಂದರೆ, ಇದೇ ಜನರು ೧೯೮೩ರಲ್ಲಿ ರಾಜ್ಯದ ಅಧಿಕಾರವನ್ನು ಕಾಂಗ್ರೆಸ್ಸಿನಿಂದ ಕಿತ್ತುಕೊಂಡರು. ೧೯೮೪ನೆಯ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿನ ೨೪ ಮಂದಿಯನ್ನು ಕಳುಹಿಸಿದವರು, ಆ ಸೋಲಿನ ಹೊಣೆಹೊತ್ತು ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತಾಗ, ೧೯೮೫ನೆಯ ಮಾರ್ಚಿಯಲ್ಲಿ ಅವರ ಜನತಾ ಪಕ್ಷಕ್ಕೆ ವಿಧಾನಸಭೆಯ ೨೨೪ರಲ್ಲಿ ೧೩೯ ಸ್ಥಾನಗಳನ್ನು ಕೊಟ್ಟರು. ಮೂರು ತಿಂಗಳೂ ತುಂಬುವ ಮುನ್ನ ದೆಹಲಿಗೊಂದು, ಬೆಂಗಳೂರಿಗೊಂದು ಎಂದು ತೂಗಿ ಅಳೆದು ಕೊಟ್ಟವರನ್ನು ಅವಿವೇಕಿಗಳೆನ್ನುವುದು ಹೇಗೆ?

ಆದುದರಿಂದ ವಿಚಾರ್ಯವಾದುದು ಮತದಾರರ ಬುದ್ಧಿಯಲ್ಲ, ಫಲಿತಾಂಶದ ಎದುರಿನಲ್ಲಿ ಅಧಿಕಾರವುಳ್ಳವರ ನಡತೆ. ೧೯೭೭ನೆಯ ಮಾರ್ಚಿ ೨೧ರಂದು ತುರ್ತುಪರಿಸ್ಥಿತಿ ಹಿಂತೆಗೆಯಲ್ಪಟ್ಟಿತು. ಮರುದಿನ ಇಂದಿರಾ ಗಾಂಧಿಯವರು ರಾಜೀನಾಮೆಯಿತ್ತರು. ಪತ್ರಿಕೆಗಳನ್ನೂ ಸೆರೆಮನೆಗಳನ್ನೂ ಕೈಯಲ್ಲಿಟ್ಟುಕೊಂಡಿದ್ದವರು ಜನರ ಮಾತಿಗೆ ತಲೆಬಾಗಿದುದು ಸಾಮಾನ್ಯವಲ್ಲ. ಗೆದ್ದವರೂ ಒಂದು ಸತ್ಕಾರ್ಯವನ್ನು ಮಾಡಿದರು: ಸಂವಿಧಾನದ ೪೪ನೆಯ ತಿದ್ದುಪಡಿಯಿಂದ, 'ಆಂತರಿಕ ಕ್ಷೋಭೆ'ಯೆಂಬ ಸಡಿಲವಾದ ಕಾರಣಕ್ಕೆ ತುರ್ತುಪರಿಸ್ಥಿತಿಯನ್ನು ಸಾರುವ ದಾರಿಯನ್ನು ಮುಚ್ಚಿ, 'ಸಶಸ್ತ್ರ ದಂಗೆ'ಯೆಂಬ ಕಠಿಣವಾದ ನಿಬಂಧನೆಯನ್ನು ವಿಧಿಸಿದರು.

ಆದರೆ ಅದೇ ಗೆದ್ದವರಿಗೆ ಕನ್ನಡನಾಡಿನಿಂದಲೇ ಒಂದು ಪರೀಕ್ಷೆ ಒದಗಿತು. ೧೯೭೮ನೆಯ ನವೆಂಬರಿನಲ್ಲಿ, ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರು ಸ್ಪರ್ಧಿಸಿ, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ೭೭,೦೦೦ಕ್ಕೂ ಮಿಕ್ಕ ಮತಗಳಿಂದ ಸೋಲಿಸಿದರು. ಡಿಸೆಂಬರ್ ೧೯ರಂದು ಲೋಕಸಭೆಯ ಬಹುಮತವು ಅವರನ್ನು ಹಕ್ಕುಚ್ಯುತಿಯ ಆರೋಪದ ಮೇಲೆ ಸದಸ್ಯತ್ವದಿಂದ ಹೊರಹಾಕಿ ಸೆರೆಮನೆಗೆ ಕಳುಹಿಸಿತು. ಆರೋಪವು ಹಿಂದಿನ ಲೋಕಸಭೆಯ ಕಾಲಕ್ಕೆ ಸೇರಿದುದು, ಲಘುವಾದುದೂ ಅಲ್ಲ. ಆದರೆ ಶಿಕ್ಷೆಯು ಆಕೆಯೊಬ್ಬರಿಗೇ ತಗಲಲಿಲ್ಲ. ಕಾಫಿಯ ಬೆಟ್ಟಗಳ ಸೀಮೆಯ ಮತದಾರರು ಒಂದೂವರೆ ತಿಂಗಳ ಹಿಂದೆ ಇತ್ತ ತೀರ್ಪೂ ಅದರೊಡನೆ ಬರಿದಾಯಿತು. ರಾಯಬರೇಲಿಯ ಮತಕ್ಕೆ ಗೌರವವನ್ನು ಬೇಡಿದವರು ಚಿಕ್ಕಮಗಳೂರಿನ ಮತಕ್ಕೆ ಅದನ್ನು ಸಲ್ಲಿಸದೆ ಹೋದರು. ೧೯೮೧ರಲ್ಲಿ ಮುಂದಿನ ಲೋಕಸಭೆಯು ಆ ನಿರ್ಣಯವನ್ನು ರದ್ದುಪಡಿಸಿತಾದರೂ, ಕಳೆದ ಕಾಲವು ಮತದಾರರಿಗೆ ಮರಳಿ ಬರಲಿಲ್ಲ.

ಪ್ರಜಾಪ್ರಭುತ್ವದಲ್ಲಿ ತನಗೆ ಒಪ್ಪಿಗೆಯಾದ ತೀರ್ಪನ್ನು ಗೌರವಿಸುವುದಕ್ಕೆ ಯಾವ ಸಂಯಮವೂ ಬೇಡ. ಒಪ್ಪಿಗೆಯಾಗದ ತೀರ್ಪು ಬಂದಾಗ, ಅದನ್ನು ಇತ್ತವರ ಮನೆಯ ಅಂಗಳದಲ್ಲಿ ಏನು ಕೊರತೆಯಿತ್ತು, ಏನು ಭಯವಿತ್ತು, ಏನು ಆಸೆಯಿತ್ತು ಎಂದು ಹೋಗಿ ಕೇಳುವುದೇ ವಿವೇಕಿಗಳ ಲಕ್ಷಣ. ಹಾಗೆ ಕೇಳಿದವನು ತನ್ನ ಮತವನ್ನು ಬದಲಿಸಬೇಕಾದುದಿಲ್ಲ. ನೆರೆಯವನೊಡನೆ ಮಾತನ್ನು ಉಳಿಸಿಕೊಂಡರೆ ಸಾಕು. ಮುಂದಿನ ಚುನಾವಣೆಯು ಬರುವವರೆಗೆ ನಾಡು ನಡೆಯುವುದು ಆ ಮಾತಿನ ಬಲದಿಂದಲೇ.