ಇಲಿಯೂ ಮಾರಿಯೂ

೧೮೯೬ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ವಿಯೇಗಸರು ಪ್ಲೇಗನ್ನು ಗುರುತಿಸಿದರು. ಬಂದರಿನ ಬದಿಯ ಆ ಪೇಟೆಯ ತುಂಬ ದವಸದ ಉಗ್ರಾಣಗಳು, ಕಾಳಿದ್ದಲ್ಲಿ ಇಲಿ. ಅಧಿಕಾರಿಗಳು ಮನೆಗಳನ್ನು ತೊಳೆಸಿದರು, ಸುಣ್ಣ ಬಳಿಸಿದರು, ರೋಗಿಗಳನ್ನು ಬಲವಂತದಿಂದ ಒಯ್ದರು. ಬಿಲದೊಳಗಿನ ಇಲಿ ಮಾತ್ರ ಉಳಿಯಿತು.

೧೮೯೮ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸಿಮೊಂಡರು ಇಲಿಯ ಮೈಮೇಲಿನ ಚಿಗಟದಿಂದಲೇ ರೋಗ ಹರಡುವುದೆಂದು ತೋರಿಸಿದರು. ಪಂಡಿತಲೋಕ ಅದನ್ನೊಪ್ಪಲು ಹಲವು ವರ್ಷಗಳೇ ಬೇಕಾದವು.

ಅದೇ ೧೮೯೮ರಲ್ಲಿ ಬೆಂಗಳೂರಿಗೂ ಮಾರಿ ತಗುಲಿತು. ಇಕ್ಕಟ್ಟು ತಗ್ಗಿಸಲು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಕನ್ನಡನಾಡಿನ ಹಳ್ಳಿಗಳಲ್ಲಾದರೋ, ಮನೆಯಲ್ಲಿ ಇಲಿ ಬಿದ್ದಿತೆಂದರೆ ನಮ್ಮ ಹಿರಿಯರು ಊರ ಹೊರಗೆ ಗುಡಿಸಲು ಹಾಕುತ್ತಿದ್ದರು. ಶಾಸ್ತ್ರವರಿಯದ ಆ ಕಣ್ಣೋಟ ಸರಿಯಾಗಿಯೇ ಇತ್ತು.

ಗುಡಿಸಲು ಹಾಕಲು ಈ ನಗರದಲ್ಲಿ ನಮಗೆ ಬಯಲಿಲ್ಲ. ಬಿಲಕ್ಕೆ ಗಾಜಿನ ಚೂರು, ಸಿಮೆಂಟು ತುಂಬೋಣ. ಕಾಳನ್ನು ಮುಚ್ಚಳದ ಡಬ್ಬಿಯಲ್ಲಿಡೋಣ. ಹಸಿದ ಇಲಿ ಮನೆಯಲ್ಲಿ ನಿಲ್ಲದು.