ಹೋಂಸ್ಟೇಗಳಲ್ಲಿ ಕೀಟಬಾಧೆ (ಕೋಡಿಹಳ್ಳಿ)

ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೋಡಿಹಳ್ಳಿ ರೇಷ್ಮೆ ಸೀಮೆಯಲ್ಲಿದೆ. ಇಲ್ಲಿನ ತೋಟದಮನೆ, ಹೋಂಸ್ಟೇಗಳಲ್ಲಿ ಕೀಟನಾಶಕ ಬಳಸುವವರು ಮೊದಲು ನೆನೆಯಬೇಕಾದ್ದು ಪಕ್ಕದ ಹಿಪ್ಪುನೇರಳೆ ತೋಟವನ್ನು. ಗಾಳಿಯಲ್ಲಿ ತೇಲಿಬಂದ ಔಷಧಿ ಸೋಕಿದ ಸೊಪ್ಪು ತಿಂದರೆ ರೇಷ್ಮೆಹುಳು ಸಾಯುತ್ತದೆ; ಬದುಕಿದರೂ ಸರಿಯಾಗಿ ಗೂಡು ಕಟ್ಟದೆ ಹೋಗಬಹುದು. ಒಂದು ಬೆಳೆಯೇ ರೈತನ ಕೈತಪ್ಪುತ್ತದೆ. ಆದ್ದರಿಂದ ಹೊರಗೆ ಸಿಂಪಡಿಸುವುದನ್ನು ಬಿಟ್ಟು, ಜಿರಲೆಗೆ ಅಡುಗೆಮನೆಯ ಸಂದುಗಳಲ್ಲಿ ಜೆಲ್ ಇಡುವುದೇ ಲೇಸು.

ತಿಗಣೆ ಅತಿಥಿಗಳ ಬ್ಯಾಗಿನೊಡನೆ ಬರುತ್ತದೆ. ಪ್ರತಿ ತಂಡ ಹೋದಮೇಲೆ ಹಾಸಿಗೆಯ ಹೊಲಿಗೆ, ಮಂಚದ ಸಂದು ನೋಡಬೇಕು. ಕಂಡರೆ ಕೋಣೆ ಕೊಡುವುದನ್ನು ನಿಲ್ಲಿಸಿ, ಬಟ್ಟೆಯನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಬೇಕು. ಮನೆಗೆ ವಾರಗಟ್ಟಲೆ ಬೀಗ ಬಿದ್ದಾಗ ಗೆದ್ದಲು ಗೋಡೆ ಏರುತ್ತದೆ. ಮಣ್ಣಿನ ದಾರಿ ಕೆರೆದರೆ ಸಾಲದು, ತಳಪಾಯಕ್ಕೇ ಔಷಧಿ ಬೇಕು. ಇಲಿ ನುಗ್ಗುವ ಕಿಂಡಿಗೆ ತಂತಿಜಾಲರಿ, ಸಿಮೆಂಟ್ ಸಾಕು. ವಿಷವಿಟ್ಟರೆ ಆ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು.