ಕ್ಯಾಸೆಟ್ಟಿನ ಬೆನ್ನಿನ ಸಾಕ್ಷ್ಯ

ಡಿಜಿಟಲ್ ವಿಡಿಯೋ ರೆಕಾರ್ಡರ್ (ಡಿ.ವಿ.ಆರ್.) ಎಂದರೆ ಟೇಪಿನ ಬದಲು ಹಾರ್ಡ್ ಡಿಸ್ಕ್ ಇರುವ ವಿ.ಸಿ.ಆರ್. ಎಂದು ಬರೆದು ಮುಂದೆ ಸಾಗುವ ರೂಢಿ ಬೆಳೆದಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮನೆಗಳ ಮಟ್ಟಿಗೆ ಇದು ತಪ್ಪು. ಹಾಗೆ ಬರೆಯುವವರು ಈ ಮನೆಗಳಲ್ಲೂ ವಿ.ಸಿ.ಆರ್. ಇದ್ದದ್ದು ತಪ್ಪಿದ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದೇ ಎನ್ನುತ್ತಾರೆ; ಅದಕ್ಕೆ ಅವರು ಕೊಡುವ ಆಧಾರ ಹಳೆಯ ವಿ.ಎಚ್.ಎಸ್. ಕ್ಯಾಸೆಟ್ಟುಗಳ ಮೇಲಿನ ಕೈಬರಹದ ಚೀಟಿ. ಚೀಟಿ ಓದಿದವರು ಕ್ಯಾಸೆಟ್ಟನ್ನು ಓದಲಿಲ್ಲ ಎಂಬುದು ನನ್ನ ತಕರಾರು.

ಬ್ರಹ್ಮಾವರ ಸಮೀಪದ ಮನೆಯೊಂದರ ಉಪ್ಪರಿಗೆಯಲ್ಲಿ ನಾನು ನೋಡಿದ ಕ್ಯಾಸೆಟ್ಟನ್ನೇ ತೆಗೆದುಕೊಳ್ಳೋಣ. ಚೀಟಿಯಲ್ಲಿ 'ಆಟ' (ಯಕ್ಷಗಾನ) ಎಂದಷ್ಟೇ ಇದೆ. ಅದರ ಬೆನ್ನಿನ ಎಡತುದಿಯ ಪುಟ್ಟ ಪ್ಲಾಸ್ಟಿಕ್ ಚಕ್ಕೆಯನ್ನು ಮುರಿದು ತೆಗೆದಿದ್ದಾರೆ. ಆ ಚಕ್ಕೆ ಇಲ್ಲದ ಟೇಪಿನ ಮೇಲೆ ಯಂತ್ರ ಮತ್ತೆ ರೆಕಾರ್ಡ್ ಮಾಡುವುದಿಲ್ಲ. ಮಾಡಬೇಕಿದ್ದರೆ ತೂತಿಗೆ ಅಂಟುಪಟ್ಟಿ ಹಚ್ಚಬೇಕು. ತಪ್ಪಿದ ಕಾರ್ಯಕ್ರಮವನ್ನು ಮರುದಿನ ನೋಡಿ ಅಳಿಸುವವರು ಚಕ್ಕೆ ಮುರಿಯುವುದಿಲ್ಲ. ಮುರಿಯುವವರು ಕಾಪಿಡುವವರು. ಒಂದೇ ಕ್ಯಾಸೆಟ್ಟಿನಿಂದ ಇಡೀ ಸೀಮೆಯ ತೀರ್ಮಾನ ಆಗದು, ಒಪ್ಪುತ್ತೇನೆ. ಆದರೆ ಬರೀ ಚೀಟಿಯಿಂದಲೂ ಆಗದು. ಬಾಡಿಗೆಗೆ ತರುತ್ತಿದ್ದ ವಿ.ಸಿ.ಪಿ.ಯಲ್ಲಂತೂ ರೆಕಾರ್ಡ್ ಮಾಡುವ ಸೌಲಭ್ಯವೇ ಇರಲಿಲ್ಲ. ವಿ.ಸಿ.ಪಿ., ವಿ.ಸಿ.ಆರ್. ಎರಡನ್ನೂ ಒಂದೇ ಎಂದು ಎಣಿಸಿದ ಬರಹಗಳನ್ನು ಇನ್ನಾದರೂ ಬದಿಗಿಡಬೇಕು.

ವಿ.ಸಿ.ಆರ್. ಎಂದರೆ ಆಮೇಲೆ ನೋಡುವುದಕ್ಕೇ ಇರುವ ಯಂತ್ರ ಎಂಬ ತಪ್ಪಿನ ಬೇರು ಅಮೆರಿಕದಲ್ಲಿದೆ. ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ನ್ಯಾಯಸಮ್ಮತವೆಂದು ಅಲ್ಲಿನ ಸುಪ್ರೀಂ ಕೋರ್ಟು 1984ರಲ್ಲಿ ಸೋನಿ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ಹೇಳಿತು. ಹಲವು ವಾಹಿನಿಗಳಿದ್ದ ನಾಡಿನ ಅಭ್ಯಾಸ ಅದು. ಆಗ ನಮ್ಮಲ್ಲಿದ್ದದ್ದು ದೂರದರ್ಶನ ಮಾತ್ರ, ಉದಯ ಟಿ.ವಿ. ಬಂದದ್ದು 1994ರಲ್ಲಿ.

ಹೊತ್ತು ನಿಜವಾಗಿ ನೋಡುವವರ ಕೈಗೆ ಬಂದದ್ದು ಡಿಸ್ಕಿನೊಂದಿಗೆ. ಅಮೆರಿಕದಲ್ಲಿ 1999ರಲ್ಲಿ ಟಿವೊ ಎಂಬ ಡಿ.ವಿ.ಆರ್. ಬಂತು, ಭಾರತದಲ್ಲಿ 2008ರಲ್ಲಿ ಡಿ.ಟಿ.ಎಚ್. (ಉಪಗ್ರಹದಿಂದ ನೇರ ಮನೆಗೆ ಬರುವ ಟಿ.ವಿ.) ರೆಕಾರ್ಡರ್ ಟಾಟಾ ಸ್ಕೈ ಪ್ಲಸ್. ಧಾರಾವಾಹಿಯ ಎಲ್ಲ ಕಂತುಗಳನ್ನು ಒಮ್ಮೆಗೇ ಗುರುತು ಹಾಕಿಡಬಹುದಾಯಿತು, ನೇರಪ್ರಸಾರವನ್ನೂ ತಡೆದು ನಿಲ್ಲಿಸಬಹುದಾಯಿತು. ದೀಪಾವಳಿಯ ನಂತರ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವ ಈ ಸೀಮೆಯಲ್ಲಿ ಇದರ ಅರ್ಥ ದೊಡ್ಡದು: ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೋದ ರಾತ್ರಿಯ ಕಂತು ಮರುದಿನವೂ ಮನೆಯಲ್ಲಿರುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಬಿಡುಗಡೆ ಅರ್ಧಂಬರ್ಧ. ಡಿ.ಟಿ.ಎಚ್. ಬಳಸುವ ಕೆಯು ಬ್ಯಾಂಡ್ ಅಲೆಗಳನ್ನು ಜಡಿಮಳೆ ಕುಗ್ಗಿಸುತ್ತದೆ. ಸಿಗ್ನಲ್ ಬಾರದ ಹೊತ್ತಿನದ್ದು ಡಿಸ್ಕಿನಲ್ಲೂ ಸಿಗದು. ಕರೆಂಟು ಹೋದರೆ ಪೆಟ್ಟಿಗೆಯೇ ನಿಂತಿತು.

ಮುಖ್ಯ ವ್ಯತ್ಯಾಸ ಇನ್ನೊಂದಿದೆ. ಡಿ.ಟಿ.ಎಚ್. ರೆಕಾರ್ಡರಿನ ಡಿಸ್ಕಿನಲ್ಲಿ ಉಳಿದದ್ದು ಗೂಢಲಿಪಿಯಲ್ಲಿ ಆ ಪೆಟ್ಟಿಗೆಗೇ ಕಟ್ಟುಬಿದ್ದಿರುತ್ತದೆ. ಜಾಗ ತುಂಬಿದರೆ ಹಳೆಯದು ಅಳಿಯಬೇಕು, ಪೆಟ್ಟಿಗೆ ಕೆಟ್ಟರೆ ಎಲ್ಲವೂ ಹೋದಂತೆ. ವಿ.ಸಿ.ಆರ್. ಈ ಮನೆಗಳಿಗೆ ನೆನಪನ್ನು ಕೊಟ್ಟಿತು, ಡಿ.ವಿ.ಆರ್. ಬಿಡುವನ್ನು ಕೊಟ್ಟಿತು. ಎರಡನ್ನೂ ಒಂದೇ ವಂಶಾವಳಿಯಲ್ಲಿ ಕೂರಿಸಿದರೆ ಎರಡೂ ಅರ್ಥವಾಗುವುದಿಲ್ಲ.

ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಉಪ್ಪರಿಗೆಯ ಕ್ಯಾಸೆಟ್ಟನ್ನು ಗುಜರಿಗೆ ಹಾಕುವ ಮೊದಲು ದಯವಿಟ್ಟು ಅದರ ಬೆನ್ನು ನೋಡಿ. ಚಕ್ಕೆ ಮುರಿದಿದ್ದರೆ, ಅದು ಉಳಿಯಲಿ ಎಂದು ಮನೆಯ ಹಿರಿಯರೊಬ್ಬರು ಬಯಸಿದ್ದರು.